ಜರ್ಮನಿಯಲ್ಲಿ ಪೋಸ್ಟ್‌ಡಾಕ್: ಕೆಲಸ ಹುಡುಕುವ ಮುಂಚೆ ದುಡ್ಡು ಯಾರದು ಅಂತ ನೋಡಿ

ಥೀಸಿಸ್ ಸಲ್ಲಿಸಿ ವೈವಾಗೆ ಕಾಯುತ್ತಾ ಕೂತಿರುವಾಗ ಜರ್ಮನಿಯ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ ಮೇಲಿನ ಸಂಶೋಧನಾ ಕೆಲಸ) ಜಾಹೀರಾತುಗಳನ್ನು ತೆರೆದು ನೋಡದವರು ಕಡಿಮೆ. ಭೌತಶಾಸ್ತ್ರವೋ, ರಸಾಯನಶಾಸ್ತ್ರವೋ, ಜೀವಶಾಸ್ತ್ರವೋ, ಯಾವುದೇ ಇರಲಿ, ಅಲ್ಲಿ ಲ್ಯಾಬ್ ಚೆನ್ನಾಗಿರುತ್ತದೆ, ಕೆಲಸ ಇಂಗ್ಲಿಷಿನಲ್ಲಿ ನಡೆಯುತ್ತದೆ, ಸಂಬಳ ಸರ್ಕಾರಿ ಪಟ್ಟಿಯ ಪ್ರಕಾರ ಬರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಅರ್ಜಿ ಹಾಕುವಾಗ ನಾವು ಪ್ರೊಫೆಸರ್ ಹೆಸರು ನೋಡುತ್ತೇವೆ, ವಿಷಯ ನೋಡುತ್ತೇವೆ, ಊರು ನೋಡುತ್ತೇವೆ. ಆ ಕೆಲಸಕ್ಕೆ ಹಣ ಎಲ್ಲಿಂದ ಬರುತ್ತಿದೆ ಅಂತ ಮಾತ್ರ ಕೇಳುವುದಿಲ್ಲ. ಕಾಂಟ್ರಾಕ್ಟ್ ಎಷ್ಟು ವರ್ಷ, ಪಾಠ ಮಾಡಬೇಕಾ ಬೇಡ್ವಾ, ಯಾವ ವೀಸಾ ಸಿಗುತ್ತದೆ, ಕೆಲಸ ಮುಗಿದ ಮೇಲೆ ಕೈಯಲ್ಲಿ ಏನಿರುತ್ತದೆ, ಇವೆಲ್ಲ ಆ ಒಂದು ಪ್ರಶ್ನೆಗೇ ಅಂಟಿಕೊಂಡಿವೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಹಂತ 1: ಹಣದ ಮೂರು ದಾರಿ ತಿಳಿದುಕೊಳ್ಳಿ

ಮೊದಲನೆಯದು ಸಂಸ್ಥೆಯ ಸ್ವಂತ ಬಜೆಟ್‌ನ ಹುದ್ದೆ. ಜರ್ಮನ್ನರು ಇದನ್ನು ಹೌಸ್‌ಹಾಲ್ಟ್‌ಸ್ಟೆಲ್ಲೆ ಅನ್ನುತ್ತಾರೆ. ಯೂನಿವರ್ಸಿಟಿಯಲ್ಲಿ ಇಂಥ ಹುದ್ದೆ ಸಿಕ್ಕರೆ ಸಾಮಾನ್ಯವಾಗಿ ವಾರಕ್ಕೆ ಕೆಲವು ಗಂಟೆ ಪಾಠವೂ ಇರುತ್ತದೆ, ನಾಲ್ಕು ಗಂಟೆ ಅನ್ನುವುದು ಮಾಮೂಲಿ. ಕೆಲವು ಕಡೆ ಆ ಪಾಠ ಜರ್ಮನ್‌ನಲ್ಲೇ ಆಗಬೇಕು. ಎರಡನೆಯದು ಡ್ರಿಟ್‌ಮಿಟೆಲ್, ಅಂದರೆ ಹೊರಗಿನಿಂದ ಬಂದ ಪ್ರಾಜೆಕ್ಟ್ ಹಣ. ಜರ್ಮನ್ ಸಂಶೋಧನಾ ಪ್ರತಿಷ್ಠಾನವಾದ ಡಿಎಫ್‌ಜಿ, ಕೇಂದ್ರ ಸಚಿವಾಲಯ, ಯುರೋಪಿಯನ್ ರಿಸರ್ಚ್ ಕೌನ್ಸಿಲ್, ಹೀಗೆ ಯಾರೋ ಕೊಟ್ಟ ಹಣದಲ್ಲಿ ಪ್ರೊಫೆಸರ್ ನಿಮ್ಮನ್ನು ತೆಗೆದುಕೊಳ್ಳುತ್ತಾರೆ. ಪಾಠ ಇಲ್ಲ, ಆದರೆ ಪ್ರಾಜೆಕ್ಟ್ ಮುಗಿದ ದಿನ ಹಣವೂ ಮುಗಿಯುತ್ತದೆ. ಮೂರನೆಯದು ನೀವೇ ಗೆದ್ದು ತರುವ ಫೆಲೋಶಿಪ್.

ಹೊರದೇಶದಿಂದ ಬರುವವರಿಗೆ ಹೆಚ್ಚಾಗಿ ಸಿಗುವುದು ಎರಡನೆಯದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೂರು ವರ್ಷದ ಪ್ರಾಜೆಕ್ಟ್‌ನಲ್ಲಿ ಒಂದೂವರೆ ವರ್ಷ ಆಗಲೇ ಕಳೆದಿದ್ದರೆ ನಿಮಗೆ ಉಳಿಯುವುದು ಒಂದೂವರೆ ವರ್ಷ ಮಾತ್ರ. ಮುಂದೆ ಮುಂದುವರಿಸೋಣ ಅನ್ನುವ ಮಾತು ಬರುತ್ತದೆ, ಅದನ್ನು ಮಾತಾಗಿಯೇ ತೆಗೆದುಕೊಳ್ಳಿ.

ಹಂತ 2: ಎಲ್ಲೆಲ್ಲಿ ಕೆಲಸ ಇದೆ

ಯೂನಿವರ್ಸಿಟಿಗಳ ಹೊರಗೆ ನಾಲ್ಕು ದೊಡ್ಡ ಸಂಶೋಧನಾ ಕುಟುಂಬಗಳಿವೆ. ಮ್ಯಾಕ್ಸ್ ಪ್ಲಾಂಕ್ ಸೊಸೈಟಿಯ 80ಕ್ಕೂ ಹೆಚ್ಚು ಸಂಸ್ಥೆಗಳು ಶುದ್ಧ ವಿಜ್ಞಾನದವು. ಪಾಲಿಮರ್ ಆದರೆ ಮೈನ್ಸ್, ಖಗೋಳ ಆದರೆ ಗಾರ್ಶಿಂಗ್, ಹೈಡೆಲ್‌ಬರ್ಗ್, ಬಾನ್, ಹವಾಮಾನ ಆದರೆ ಹ್ಯಾಂಬರ್ಗ್, ಜೀವಭೂರಸಾಯನ ಆದರೆ ಯೇನಾ, ಕೋಶ ಜೀವಶಾಸ್ತ್ರ ಆದರೆ ಡ್ರೆಸ್ಡನ್. ಜೀವಶಾಸ್ತ್ರದವರಿಗೆ ಟ್ಯೂಬಿಂಗನ್ ಕೂಡ ಮುಖ್ಯ. ನಮ್ಮ ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡ ಊರು ಅದೇ.

ಹೆಲ್ಮ್‌ಹೋಲ್ಟ್ಸ್ ಕೇಂದ್ರಗಳು 18. ದೊಡ್ಡ ಯಂತ್ರ ಬೇಕಾದ ವಿಜ್ಞಾನವೆಲ್ಲ ಇಲ್ಲಿದೆ. ಹ್ಯಾಂಬರ್ಗ್‌ನ ಡೇಸಿ, ಡಾರ್ಮ್‌ಸ್ಟಾಟ್‌ನ ಜಿಎಸ್‌ಐ, ಯೂಲಿಶ್, ಕಾರ್ಲ್ಸ್‌ರೂಹೆಯ ಕೆಐಟಿ, ಧ್ರುವ ಸಂಶೋಧನೆಗೆ ಬ್ರೆಮರ್‌ಹಾಫನ್‌ನ ಆಲ್ಫ್ರೆಡ್ ವೇಗನರ್ ಸಂಸ್ಥೆ, ಕ್ಯಾನ್ಸರ್‌ಗೆ ಹೈಡೆಲ್‌ಬರ್ಗ್‌ನ ಡಿಕೆಎಫ್‌ಝಡ್. ಡೇಸಿಯ ಎಕ್ಸ್-ರೇ ಯಂತ್ರ ಪೆಟ್ರಾ-3ರಲ್ಲಿ ಭಾರತದ ವಿಜ್ಞಾನಿಗಳು ಪ್ರಯೋಗ ಮಾಡುವ ಏರ್ಪಾಡನ್ನು ನೋಡಿಕೊಳ್ಳುವುದು ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ. ಪಿಎಚ್‌ಡಿ ಮಾಡುವಾಗಲೇ ಒಮ್ಮೆ ಅಲ್ಲಿ ಬೀಮ್‌ಟೈಮ್‌ಗೆ, ಅಂದರೆ ಆ ಯಂತ್ರದಲ್ಲಿ ಪ್ರಯೋಗಕ್ಕೆ ಸಿಗುವ ನಿಗದಿತ ಸಮಯಕ್ಕೆ, ಹೋಗಿ ಬಂದವರಿಗೆ ಪೋಸ್ಟ್‌ಡಾಕ್ ಹುಡುಕುವ ಕೆಲಸ ಅರ್ಧ ಮುಗಿದ ಹಾಗೆ. ರಾತ್ರಿ ಪಾಳಿಯಲ್ಲಿ ನಿಮ್ಮ ಜೊತೆ ಕೂತು ಡೇಟಾ ನೋಡಿದ ಬೀಮ್‌ಲೈನ್ ವಿಜ್ಞಾನಿ (ಅಲ್ಲಿನ ಪ್ರಯೋಗದ ಜಾಗ ನೋಡಿಕೊಳ್ಳುವವರು) ಬರೆಯುವ ನಾಲ್ಕು ಸಾಲಿಗೆ ಯಾವ ಪೋರ್ಟಲ್ಲೂ ಸಮ ಅಲ್ಲ.

ಲೈಬ್ನಿಟ್ಸ್ ಸಂಘದಲ್ಲಿ ನೂರರ ಹತ್ತಿರ ಸಂಸ್ಥೆಗಳಿವೆ. ನಮ್ಮ ಕಡೆಯವರು ಅವುಗಳ ಕಡೆ ನೋಡುವುದೇ ಕಡಿಮೆ, ಹಾಗಾಗಿ ಸ್ಪರ್ಧೆಯೂ ಸ್ವಲ್ಪ ಕಡಿಮೆ ಅಂತ ನನ್ನ ಅನಿಸಿಕೆ. ಫ್ರೌನ್‌ಹೋಫರ್ ಉದ್ಯಮದ ಜೊತೆ ಕೆಲಸ ಮಾಡುತ್ತದೆ. ಅಲ್ಲಿ ಜರ್ಮನ್ ಬೇಕಾಗುವ ಸಂದರ್ಭ ಜಾಸ್ತಿ.

ಹಂತ 3: ಜಾಹೀರಾತು ಬರುವ ಮುಂಚೆಯೇ ಹುಡುಕಿ

ಪೋರ್ಟಲ್‌ಗಳು ಗೊತ್ತೇ ಇರುತ್ತವೆ: ಯುರಾಕ್ಸೆಸ್, ಅಕಾಡೆಮಿಕ್ಸ್ ಡಾಟ್ ಡಿಇ, ನೇಚರ್ ಕರಿಯರ್ಸ್, ಆಯಾ ಸಂಸ್ಥೆಗಳ ವೆಬ್‌ಸೈಟ್. ಹೊಸ ಜಾಹೀರಾತು ಬಂದರೆ ಇಮೇಲ್ ಬರುವ ಹಾಗೆ ಅಲರ್ಟ್ ಹಾಕಿಟ್ಟುಕೊಳ್ಳಿ, ವಾರಕ್ಕೊಮ್ಮೆ ನೋಡಿ, ಅಷ್ಟು ಸಾಕು. ನಿಜವಾದ ಸಮಯ ಕೊಡಬೇಕಾದ್ದು ಬೇರೆ ಕಡೆ.

ಡಿಎಫ್‌ಜಿ ತಾನು ಹಣ ಕೊಟ್ಟ ಪ್ರಾಜೆಕ್ಟ್‌ಗಳನ್ನೆಲ್ಲ ಗೆಪ್ರಿಸ್ ಅನ್ನುವ ಡೇಟಾಬೇಸ್‌ನಲ್ಲಿ ಹಾಕುತ್ತದೆ. ಯಾರು ಬೇಕಾದರೂ ನೋಡಬಹುದು. ನಿಮ್ಮ ವಿಷಯದ ಎರಡು ಮೂರು ಪದ ಹಾಕಿ ಹುಡುಕಿ. ಪ್ರತಿ ಪ್ರಾಜೆಕ್ಟ್‌ಗೂ ಶೀರ್ಷಿಕೆ, ಮುಖ್ಯಸ್ಥರ ಹೆಸರು, ಸಂಸ್ಥೆ, ಚಿಕ್ಕ ಸಾರಾಂಶ, ಶುರುವಾದ ವರ್ಷ ಇರುತ್ತದೆ. ಈ ವರ್ಷ ಶುರು ಅಂತ ಇದ್ದರೆ ಆ ಪ್ರೊಫೆಸರ್ ಕೈಯಲ್ಲಿ ಹೊಸ ಹಣ ಇದೆ, ಜನ ಬೇಕಾಗಿರುವ ಸಾಧ್ಯತೆ ಇದೆ. ಮೂರು ವರ್ಷ ಹಿಂದೆ ಶುರುವಾಗಿದ್ದರೆ ಬಹುಶಃ ಅದು ಮುಗಿಯುವ ಹಂತದಲ್ಲಿದೆ.

ಇನ್ನೂ ದೊಡ್ಡ ಅವಕಾಶ ಎಸ್‌ಎಫ್‌ಬಿಗಳದು. ಒಂದು ದೊಡ್ಡ ಪ್ರಶ್ನೆಯ ಸುತ್ತ ಹತ್ತಾರು ಗ್ರೂಪ್‌ಗಳು ಸೇರಿ ಕೆಲಸ ಮಾಡುವ ಸಂಶೋಧನಾ ಕೂಟ ಇದು. ಮೂರು ಕಂತುಗಳಲ್ಲಿ ಹೆಚ್ಚೆಂದರೆ ಸುಮಾರು 12 ವರ್ಷ ಹಣ ಸಿಗುತ್ತದೆ. ಹೊಸವು ಯಾವುವು, ಮುಂದುವರಿಯುವವು ಯಾವುವು ಅಂತ ಡಿಎಫ್‌ಜಿ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ ಪ್ರಕಟಿಸುತ್ತದೆ. ಆ ಪಟ್ಟಿ ಬಂದ ದಿನವೇ ಓದಿ. ಹೊಸ ಎಸ್‌ಎಫ್‌ಬಿ ಶುರುವಾದರೆ ಒಂದೇ ಊರಿನಲ್ಲಿ ಒಟ್ಟಿಗೆ ಎಷ್ಟೋ ಹುದ್ದೆ ತೆರೆಯುತ್ತವೆ, ಮತ್ತು ನಿಮ್ಮ ಮುಂದೆ ಪೂರ್ತಿ ಒಂದು ಕಂತು ಇರುತ್ತದೆ. ಇದೇ ಲೆಕ್ಕ ಎಕ್ಸಲೆನ್ಸ್ ಕ್ಲಸ್ಟರ್ ಅನ್ನುವ ದೊಡ್ಡ ಸಂಶೋಧನಾ ಕೂಟಗಳಿಗೂ ಸಲ್ಲುತ್ತದೆ. ಜನವರಿ 2026ರಿಂದ 70 ಕ್ಲಸ್ಟರ್‌ಗಳಿಗೆ ಏಳು ವರ್ಷದ ಹಣ ಸಿಕ್ಕಿದೆ. ಆ ಪಟ್ಟಿಯಲ್ಲಿ ನಿಮ್ಮ ವಿಷಯದವು ಯಾವುವು ಅಂತ ಗುರುತು ಹಾಕಿಕೊಳ್ಳಿ.

ಯುರೋಪಿಯನ್ ರಿಸರ್ಚ್ ಕೌನ್ಸಿಲ್‌ನ ಗ್ರಾಂಟ್ ಗೆದ್ದವರ ಪಟ್ಟಿಯೂ ಬಹಿರಂಗವೇ. ಅದರಲ್ಲೂ ಸ್ಟಾರ್ಟಿಂಗ್ ಗ್ರಾಂಟ್ ಗೆದ್ದವರನ್ನು ನೋಡಿ. ಅವರು ಹೊಸದಾಗಿ ಗ್ರೂಪ್ ಕಟ್ಟುತ್ತಿರುವ ಎಳೆಯರು, ಐದು ವರ್ಷದ ಹಣ ಇರುತ್ತದೆ, ಇಮೇಲ್ ತಾವೇ ಓದುತ್ತಾರೆ. ಹೆಸರುವಾಸಿ ಡೈರೆಕ್ಟರ್ ಒಬ್ಬರ ದೊಡ್ಡ ಗ್ರೂಪ್‌ನಲ್ಲಿ ಮೂವತ್ತನೆಯವರಾಗುವುದಕ್ಕಿಂತ ಇಂಥವರ ಮೊದಲ ಪೋಸ್ಟ್‌ಡಾಕ್ ಆಗುವುದು ಎಷ್ಟೋ ಸಲ ಮೇಲು. ಲ್ಯಾಬ್ ಕಟ್ಟುವ ಕಷ್ಟ ಇರುತ್ತದೆ, ನಿಜ. ಆದರೆ ಪೇಪರ್‌ನಲ್ಲಿ ನಿಮ್ಮ ಹೆಸರು ಎಲ್ಲಿ ಬರುತ್ತದೆ ಅಂತ ಯೋಚಿಸಿ.

ಹಂತ 4: ಫೆಲೋಶಿಪ್ ಬೇಕಿದ್ದರೆ ಭಾರತದಲ್ಲಿ ಇರುವಾಗಲೇ ಅರ್ಜಿ ಹಾಕಿ

ಬಹಳ ಜನ ಜಾರಿ ಬೀಳುವುದು ಇಲ್ಲೇ. ಮೊದಲು ಯಾವುದಾದರೂ ಕಾಂಟ್ರಾಕ್ಟ್ ಹಿಡಿದು ಜರ್ಮನಿಗೆ ಹೋಗೋಣ, ಆಮೇಲೆ ಹಂಬೋಲ್ಟ್ ಫೆಲೋಶಿಪ್‌ಗೆ ಹಾಕಿದರಾಯ್ತು ಅಂದುಕೊಳ್ಳುತ್ತಾರೆ. ಹಂಬೋಲ್ಟ್ ಪ್ರತಿಷ್ಠಾನದ ನಿಯಮ ಅದಕ್ಕೆ ಅಡ್ಡ ಬರುತ್ತದೆ. ಅರ್ಜಿಗೆ ಹಿಂದಿನ 18 ತಿಂಗಳಲ್ಲಿ ಆರು ತಿಂಗಳಿಗಿಂತ ಹೆಚ್ಚು ಜರ್ಮನಿಯಲ್ಲಿ ಇದ್ದಿರಬಾರದು. ಯುರೋಪಿನ ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ಗೂ ಇಂಥದ್ದೇ ನಿಯಮ ಇದೆ: ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಆತಿಥೇಯ ದೇಶದಲ್ಲಿ ಇದ್ದಿರಬಾರದು. ಅಂದರೆ ಜರ್ಮನಿಯಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷ ದಾಟಿತೋ, ಅಲ್ಲಿಗೇ ಹೋಗಲು ಇರುವ ಎರಡೂ ದೊಡ್ಡ ಬಾಗಿಲು ಮುಚ್ಚಿದ ಹಾಗೆ.

ಹಂಬೋಲ್ಟ್ ಪೋಸ್ಟ್‌ಡಾಕ್ ಫೆಲೋಶಿಪ್ 6ರಿಂದ 24 ತಿಂಗಳದ್ದು. ಪಿಎಚ್‌ಡಿ ಮುಗಿದು ನಾಲ್ಕು ವರ್ಷದ ಒಳಗಿನವರಿಗೆ. ಅರ್ಜಿಗೆ ಕೊನೆ ದಿನ ಅಂತ ಇಲ್ಲ, ವರ್ಷವಿಡೀ ಹಾಕಬಹುದು. ದೇಶಕ್ಕೆ ಇಷ್ಟು, ವಿಷಯಕ್ಕೆ ಇಷ್ಟು ಅನ್ನುವ ಕೋಟಾ ಇಲ್ಲ. ಬೇಕಾದ್ದು ಜರ್ಮನಿಯ ಆತಿಥೇಯರೊಬ್ಬರ ವಿವರವಾದ ಒಪ್ಪಿಗೆ ಪತ್ರ, ನಿಮ್ಮದೇ ಆದ ಸಂಶೋಧನಾ ಯೋಜನೆ, ಒಳ್ಳೆಯ ಪೇಪರ್‌ಗಳು, ಶಿಫಾರಸು ಪತ್ರ. ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಜರ್ಮನ್ ಕೋರ್ಸ್‌ಗೆ, ಸಂಸಾರಕ್ಕೆ ಬೇರೆ ಸಹಾಯವೂ ಇದೆ. ಒಮ್ಮೆ ಸಿಕ್ಕರೆ ಆ ಬಳಗದ ನಂಟು ಜೀವನಪೂರ್ತಿ ಇರುತ್ತದೆ. ಭಾರತಕ್ಕೆ ಮರಳಿ ಪ್ರೊಫೆಸರ್ ಆದವರು ವರ್ಷಗಳ ನಂತರ ಮತ್ತೆ ಜರ್ಮನಿಗೆ ಸಂಶೋಧನೆಗೆ ಹೋಗಿ ಬರಲು ಅದರಿಂದ ದಾರಿ ಇದೆ.

ಮೇರಿ ಕ್ಯೂರಿಗೆ ಪಿಎಚ್‌ಡಿ ಆಗಿ ಎಂಟು ವರ್ಷದ ಒಳಗಿರಬೇಕು. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಕೊನೆ ದಿನ. ಸ್ಪರ್ಧೆ ವಿಪರೀತ. ಅದು ಫೆಲೋಶಿಪ್ ಅಂತ ಹೆಸರಿದ್ದರೂ ಮಾಮೂಲಿ ನೌಕರಿ ಕಾಂಟ್ರಾಕ್ಟ್ ಆಗಿಯೇ ಸಿಗುತ್ತದೆ, ಹಾಗಾಗಿ ಪೆನ್ಷನ್, ಇನ್ಶೂರೆನ್ಸ್ ಎಲ್ಲ ಸೇರಿರುತ್ತದೆ. ಸೆಪ್ಟೆಂಬರ್‌ಗೆ ಹಾಕಬೇಕೆಂದರೆ ಏಪ್ರಿಲ್ ಹೊತ್ತಿಗೆ ಆತಿಥೇಯರ ಜೊತೆ ಮಾತು ಮುಗಿದಿರಲಿ. ಹಲವು ಯೂನಿವರ್ಸಿಟಿಗಳು ಅರ್ಜಿ ಬರೆಯುವುದನ್ನು ಕಲಿಸಲು ಬೇಸಿಗೆಯಲ್ಲಿ ಕಾರ್ಯಾಗಾರ ನಡೆಸುತ್ತವೆ, ಆನ್‌ಲೈನ್‌ನಲ್ಲೂ ಇರುತ್ತದೆ, ಸೇರಿಕೊಳ್ಳಿ.

ಡಿಎಫ್‌ಜಿಯ ವಾಲ್ಟರ್ ಬೆನ್ಯಮಿನ್ ಯೋಜನೆ ಮೂರನೆಯ ದಾರಿ. ಎರಡು ವರ್ಷದವರೆಗೆ ನಿಮ್ಮ ಸ್ವಂತ ಹುದ್ದೆಗೆ ನೀವೇ ಹಣ ಕೇಳುವುದು. ಇದಕ್ಕೂ ವರ್ಷವಿಡೀ ಅರ್ಜಿ. ಇದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ, ಆತಿಥೇಯರ ಹತ್ತಿರ ನೀವಾಗಿಯೇ ಪ್ರಸ್ತಾಪಿಸಿ.

ಹಂತ 5: ಇಮೇಲ್

ಜಾಹೀರಾತು ಇಲ್ಲದೆ ನಾವಾಗಿಯೇ ಬರೆಯುವ ಇಮೇಲ್‌ಗಳಲ್ಲಿ ನೂರಕ್ಕೆ ತೊಂಬತ್ತು ಒಂದೇ ಥರ ಇರುತ್ತವೆ. ಗೌರವಾನ್ವಿತ ಪ್ರೊಫೆಸರ್ ಅವರೇ, ನಿಮ್ಮ ಹೆಸರಾಂತ ಗ್ರೂಪ್‌ನಲ್ಲಿ ಕೆಲಸ ಮಾಡುವ ಆಸೆ, ಸಿವಿ ಲಗತ್ತಿಸಿದ್ದೇನೆ. ಇದಕ್ಕೆ ಯಾರೂ ಉತ್ತರ ಬರೆಯುವುದಿಲ್ಲ. ಬರೆಯುವುದು ಇಂಗ್ಲಿಷಿನಲ್ಲೇ ಆದರೂ ಒಳಗಿನ ಮಾತು ಹೀಗಿರಲಿ:

"ತೇವಾಂಶದಲ್ಲಿ ಪೆರೋವ್‌ಸ್ಕೈಟ್ ಪದರ ಕೆಡುವ ಮೊದಲ ಹಂತದ ಬಗ್ಗೆ ನಿಮ್ಮ ಪೇಪರ್ ಓದಿದೆ. ಮೂರನೇ ಚಿತ್ರದಲ್ಲಿ 40 ನಿಮಿಷದ ಹತ್ತಿರ ಹೊಸ ಪೀಕ್ ಒಂದು ಬರುತ್ತದೆ, ಅದನ್ನು ಹೈಡ್ರೇಟ್ ಅಂದಿದ್ದೀರಿ. ನನ್ನ ಥೀಸಿಸ್‌ನಲ್ಲಿ ಇಂಥದ್ದೇ ಪದರವನ್ನು ರಾಮನ್ ಸ್ಪೆಕ್ಟ್ರೋಸ್ಕೋಪಿಯಿಂದ ನೋಡಿದಾಗ ಅದೇ ಹೊತ್ತಿಗೆ ಇನ್ನೊಂದು ಬದಲಾವಣೆ ಕಂಡಿತು. ಎರಡನ್ನೂ ಒಟ್ಟಿಗೆ ಅಳೆದರೆ ಯಾವುದು ಮೊದಲು ಅಂತ ತೀರ್ಮಾನವಾಗಬಹುದು. ಈ ವರ್ಷ ಶುರುವಾದ ನಿಮ್ಮ ಡಿಎಫ್‌ಜಿ ಪ್ರಾಜೆಕ್ಟ್‌ನಲ್ಲಿ ಇದಕ್ಕೆ ಜಾಗ ಇದೆಯಾ? ಇಲ್ಲದಿದ್ದರೆ ಹಂಬೋಲ್ಟ್‌ಗೆ ಅರ್ಜಿ ಹಾಕಲು ನೀವು ಆತಿಥೇಯರಾಗುತ್ತೀರಾ? ಥೀಸಿಸ್ ಜೂನ್‌ನಲ್ಲಿ ಸಲ್ಲಿಸುತ್ತೇನೆ."

ಇಷ್ಟೇ. ಉದಾಹರಣೆ ನಾನು ಕಟ್ಟಿದ್ದು, ನಿಮ್ಮ ವಿಷಯಕ್ಕೆ ತಕ್ಕಂತೆ ನೀವು ಕಟ್ಟಿಕೊಳ್ಳಿ. ಗಮನಿಸಬೇಕಾದ್ದು ಏನೆಂದರೆ, ಇಲ್ಲಿ ಹೊಗಳಿಕೆ ಇಲ್ಲ. ಅವರ ಚಿತ್ರವೊಂದನ್ನು ಹತ್ತಿರದಿಂದ ನೋಡಿದ ಸುಳಿವಿದೆ, ನಿಮ್ಮ ಕೈಯಲ್ಲಿರುವ ಕೌಶಲ ಇದೆ, ಹಣದ ಪ್ರಶ್ನೆ ನೇರವಾಗಿದೆ, ಬೇಡ ಅನ್ನಲು ಸುಲಭದ ದಾರಿಯೂ ಇದೆ. ಜರ್ಮನ್ನರ ಜೊತೆ ನೇರ ಮಾತು ಒರಟುತನ ಅಲ್ಲ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ. ಆಮೇಲೂ ಬರದಿದ್ದರೆ ಬಿಟ್ಟುಬಿಡಿ. ಆಗಸ್ಟ್‌ನಲ್ಲಿ ಮತ್ತು ಕ್ರಿಸ್‌ಮಸ್ ಹೊತ್ತಿಗೆ ಬರೆಯಬೇಡಿ, ಯಾರೂ ಇರುವುದಿಲ್ಲ.

ಹಂತ 6: ಜಾಹೀರಾತನ್ನು ಸಾಲು ಸಾಲಾಗಿ ಓದಿ

ಹುದ್ದೆಯ ಹೆಸರಿನ ಪಕ್ಕ ಎಂ, ಡಬ್ಲ್ಯೂ, ಡಿ ಅಂತ ಮೂರು ಅಕ್ಷರ ಇದ್ದರೆ ಗಂಡು, ಹೆಣ್ಣು, ಇತರೆ ಯಾರಾದರೂ ಹಾಕಬಹುದು ಅಂತ ಅರ್ಥ, ತಲೆ ಕೆಡಿಸಿಕೊಳ್ಳಬೇಡಿ. ಬೆಫ್ರಿಸ್ಟೆಟ್ ಅಂದರೆ ಅವಧಿ ಸೀಮಿತ. 100 ಶೇಕಡಾ, ಅಂದರೆ ಪೂರ್ಣಾವಧಿ, ಅಂತ ಇದೆಯಾ ನೋಡಿ. 65 ಅಂತ ಇದ್ದರೆ ಅದು ಬಹುತೇಕ ಪಿಎಚ್‌ಡಿ ವಿದ್ಯಾರ್ಥಿಗೆ. ಕೆನ್‌ಟ್ಸಿಫರ್ ಅನ್ನುವುದು ಜಾಹೀರಾತಿನ ನಂಬರ್, ಅರ್ಜಿಯ ಮೇಲೆ ಬರೆಯಲೇಬೇಕು. ಟಿವಿ-ಎಲ್ ಅಂದರೆ ರಾಜ್ಯಗಳ ಸಂಬಳ ಒಪ್ಪಂದ, ಯೂನಿವರ್ಸಿಟಿಗಳಿಗೆ. ಟಿವಿಓಡಿ ಅಂದರೆ ಕೇಂದ್ರದ್ದು, ಮ್ಯಾಕ್ಸ್ ಪ್ಲಾಂಕ್ ಮತ್ತು ಹಲವು ಹೆಲ್ಮ್‌ಹೋಲ್ಟ್ಸ್ ಕೇಂದ್ರಗಳಿಗೆ. ಪೋಸ್ಟ್‌ಡಾಕ್‌ಗೆ ಎರಡರಲ್ಲೂ ಸಾಮಾನ್ಯವಾಗಿ ಇ13 ದರ್ಜೆ. ಸಂಬಳದ ದರ್ಜೆಯೇ ಬರೆದಿಲ್ಲ, ಸ್ಟೈಪೆಂಡ್ ಅಂತ ಮಾತ್ರ ಇದೆ ಅಂದರೆ ಅದು ನೌಕರಿ ಅಲ್ಲ. ಪೆನ್ಷನ್, ನಿರುದ್ಯೋಗ ವಿಮೆ ಇರುವುದಿಲ್ಲ, ಆರೋಗ್ಯ ವಿಮೆ ನೀವೇ ಮಾಡಿಸಬೇಕು.

ಅರ್ಜಿಯ ಕಾಗದಗಳನ್ನೆಲ್ಲ ಒಂದೇ ಪಿಡಿಎಫ್ ಮಾಡಿ: ಒಂದು ಪುಟದ ಕವರ್ ಲೆಟರ್, ಸಿವಿ, ಪೇಪರ್‌ಗಳ ಪಟ್ಟಿ, ಎರಡು ಪುಟದ ಸಂಶೋಧನಾ ಬರಹ, ಸರ್ಟಿಫಿಕೇಟ್‌ಗಳು, ಶಿಫಾರಸು ಮಾಡುವ ಎರಡು ಮೂರು ಜನರ ವಿಳಾಸ. ಸಿವಿಯಲ್ಲಿ ಅಪ್ಪನ ಹೆಸರು, ಜಾತಿ, ಮದುವೆ ವಿವರ ಏನೂ ಬೇಡ. ಫೋಟೋ ಕೂಡ ಬೇಕಿಲ್ಲ.

ಕರ್ನಾಟಕದ ಯೂನಿವರ್ಸಿಟಿಗಳಿಂದ ಬರುವವರಿಗೆ ಒಂದು ಮಾತು. ಥೀಸಿಸ್ ಮೌಲ್ಯಮಾಪನ, ವೈವಾ, ನೋಟಿಫಿಕೇಶನ್, ಘಟಿಕೋತ್ಸವ, ಇವುಗಳ ನಡುವೆ ತಿಂಗಳುಗಳು ಹೋಗುತ್ತವೆ. ಜರ್ಮನ್ ಆಡಳಿತದವರಿಗೆ ಈ ವ್ಯವಸ್ಥೆ ಗೊತ್ತಿಲ್ಲ. ಅವರಿಗೆ ಬೇಕಾಗಿರುವುದು ಪಿಎಚ್‌ಡಿ ಮುಗಿದಿದೆ ಅನ್ನುವ ಒಂದು ಕಾಗದ. ಪ್ರೊವಿಷನಲ್ ಸರ್ಟಿಫಿಕೇಟ್‌ಗೆ ವೈವಾ ಆದ ವಾರವೇ ಅರ್ಜಿ ಕೊಡಿ, ಘಟಿಕೋತ್ಸವದವರೆಗೆ ಕಾಯಬೇಡಿ. ಪಿಎಚ್‌ಡಿ ಕಾಲದಲ್ಲಿ ಜೆಆರ್‌ಎಫ್, ಎಸ್‌ಆರ್‌ಎಫ್ (ಜೂನಿಯರ್, ಸೀನಿಯರ್ ರಿಸರ್ಚ್ ಫೆಲೋ), ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಇದ್ದ ಪ್ರತಿ ಅವಧಿಗೂ ದಿನಾಂಕ, ಕೆಲಸದ ವಿವರ ಇರುವ ಸರ್ಟಿಫಿಕೇಟ್ ಅದೇ ಓಡಾಟದಲ್ಲಿ ಮಾಡಿಸಿಕೊಳ್ಳಿ. ಇದು ಯಾಕೆ ಅಂತ ಎಂಟನೇ ಹಂತದಲ್ಲಿ ಹೇಳುತ್ತೇನೆ.

ಹಂತ 7: ಇಂಟರ್ವ್ಯೂ

ಸಾಮಾನ್ಯವಾಗಿ ಆನ್‌ಲೈನ್. ಇಪ್ಪತ್ತು ಮೂವತ್ತು ನಿಮಿಷದ ಟಾಕ್, ಆಮೇಲೆ ಪ್ರಶ್ನೆ, ಆಮೇಲೆ ಗ್ರೂಪ್‌ನ ವಿದ್ಯಾರ್ಥಿಗಳ ಜೊತೆ ಮಾತು. ಟಾಕ್‌ನಲ್ಲಿ ಎಲ್ಲ ಪೇಪರ್‌ಗಳನ್ನೂ ತುರುಕಬೇಡಿ, ಒಂದೇ ಕಥೆ ಹೇಳಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದರೆ ಅಲ್ಲಿ ಮರ್ಯಾದೆ ಹೋಗುವುದಿಲ್ಲ.

ನಿಮ್ಮ ಸರದಿ ಬಂದಾಗ ಕೇಳಿ: ಈ ಹುದ್ದೆಯ ಹಣ ಯಾವುದು, ಯಾವ ತಿಂಗಳಿಗೆ ಮುಗಿಯುತ್ತದೆ, ಮೊದಲ ಕಾಂಟ್ರಾಕ್ಟ್ ಎಷ್ಟು ಕಾಲದ್ದು, ನನ್ನದೇ ಚಿಕ್ಕ ಪ್ರಾಜೆಕ್ಟ್ ಶುರು ಮಾಡಲು ಅವಕಾಶ ಇದೆಯಾ. ವಿದ್ಯಾರ್ಥಿಗಳ ಜೊತೆ ಮಾತಾಡುವಾಗ ಹಿಂದಿನ ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ ಅಂತ ಕೇಳಿ. ಗ್ರೂಪ್ ಹೇಗಿದೆ ಅಂತ ನೇರವಾಗಿ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಈ ಪ್ರಶ್ನೆಗೆ ಸಿಗುವ ಉತ್ತರ, ಅಥವಾ ತಡವರಿಕೆ, ಹೆಚ್ಚು ಹೇಳುತ್ತದೆ.

ಹಂತ 8: ಆಫರ್ ಬಂತು, ಸಹಿ ಹಾಕುವ ಮುಂಚೆ

ಇ13 ಒಳಗೆ ಹಂತಗಳಿವೆ, ಶ್ಟೂಫೆ ಅನ್ನುತ್ತಾರೆ. ಸಂಬಳಕ್ಕೆ ಚೌಕಾಸಿ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ದರ್ಜೆಗೆ ಇಲ್ಲ, ಹಂತಕ್ಕೆ ಇದೆ. ಸಂಬಂಧಪಟ್ಟ ಅನುಭವ ಒಂದು ವರ್ಷ ಇದ್ದರೆ ಎರಡನೇ ಹಂತ, ಮೂರು ವರ್ಷ ಇದ್ದರೆ ಮೂರನೇ ಹಂತ ಕೇಳಬಹುದು. ಪಿಎಚ್‌ಡಿ ಕಾಲದ ಸಂಶೋಧನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಆಯಾ ಆಡಳಿತ ಕಚೇರಿಯ ಮೇಲೆ ನಿಂತಿದೆ. ಆ ಸರ್ಟಿಫಿಕೇಟ್‌ಗಳು ಬೇಕಾಗುವುದು ಇಲ್ಲೇ. ಸಹಿ ಹಾಕುವ ಮುಂಚೆಯೇ ಕೊಡಬೇಕು, ಆಮೇಲೆ ಬದಲಾಯಿಸುವುದು ಬಲು ಕಷ್ಟ.

2025ರ ಟಿವಿ-ಎಲ್ ಪಟ್ಟಿಯಲ್ಲಿ ಇ13 ಮೊದಲ ಹಂತಕ್ಕೆ ತಿಂಗಳಿಗೆ 4,600 ಯೂರೋಗಿಂತ ಸ್ವಲ್ಪ ಮೇಲೆ, ಮೂರನೇ ಹಂತಕ್ಕೆ 5,200ರ ಆಸುಪಾಸು. ಕೈಗೆ ಬರುವುದು ಇದಲ್ಲ. ಒಂಟಿಯಾಗಿರುವವರಿಗೆ ತೆರಿಗೆ, ಪೆನ್ಷನ್, ಆರೋಗ್ಯ, ನಿರುದ್ಯೋಗ, ಆರೈಕೆ ವಿಮೆ ಎಲ್ಲ ಕಳೆದು ಮೊದಲ ಹಂತದಲ್ಲಿ ಸುಮಾರು 2,900 ಉಳಿಯುತ್ತದೆ. ಮದುವೆಯಾಗಿ ಸಂಗಾತಿಗೆ ಸಂಬಳ ಇಲ್ಲದಿದ್ದರೆ ತೆರಿಗೆ ವರ್ಗ 3 ಸಿಗುತ್ತದೆ, ಕೈಗೆ ಚೆನ್ನಾಗಿ ಬರುತ್ತದೆ. ನವೆಂಬರ್‌ನಲ್ಲಿ ಬೋನಸ್ ಇದೆ. ವರ್ಷಕ್ಕೆ 30 ದಿನ ರಜೆ, ತೆಗೆದುಕೊಳ್ಳದಿದ್ದರೆ ಅವರೇ ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ.

ಒಂದು ಊರಿನ ಲೆಕ್ಕವನ್ನೂ ಮಾಡಿ. ಸಂಬಳ ಪಟ್ಟಿ ಬಹುತೇಕ ಎಲ್ಲ ರಾಜ್ಯಗಳಿಗೂ ಒಂದೇ, ಬಾಡಿಗೆ ಒಂದೇ ಅಲ್ಲ. ಮ್ಯೂನಿಕ್‌ನಲ್ಲಿ ಬಾಡಿಗೆಗೆ ಹೋಗುವ ಹಣದಲ್ಲಿ ಯೇನಾ, ಹಾಲೆ, ಲೈಪ್ಸಿಗ್‌ಗಳಲ್ಲಿ ಎಷ್ಟೋ ದೊಡ್ಡ ಮನೆ ಸಿಗುತ್ತದೆ. ಹೆಂಡತಿ, ಮಗು ಜೊತೆ ಹೋಗುವವರಿಗೆ ಇದು ಸಣ್ಣ ವಿಷಯ ಅಲ್ಲ.

ಇನ್ನೊಂದು ಕಾಗದ ಕೈಗೆ ಬರುತ್ತದೆ, ವಿಬಿಎಲ್ ಅನ್ನುವ ಹೆಚ್ಚುವರಿ ಪೆನ್ಷನ್‌ನದು. ಸೀಮಿತ ಕಾಲದ ವಿಜ್ಞಾನಿಗಳು ಮಾಮೂಲಿ ವಿಬಿಎಲ್ ಬದಲು ಇನ್ನೊಂದು ಬಗೆಯನ್ನು ಆಯ್ಕೆ ಮಾಡಬಹುದು, ಆದರೆ ಕೆಲಸಕ್ಕೆ ಸೇರಿದ ಎರಡು ತಿಂಗಳ ಒಳಗೆ. ಮಾಮೂಲಿ ಬಗೆಯಲ್ಲಿ ಐದು ವರ್ಷ ಕಟ್ಟಿದರೆ ಮಾತ್ರ ಹಕ್ಕು. ಎರಡು ಮೂರು ವರ್ಷಕ್ಕೆ ಹೋಗುವವರು ಈ ಕಾಗದವನ್ನು ಸುಮ್ನೆ ಪಕ್ಕಕ್ಕಿಡಬೇಡಿ.

ಹಂತ 9: ವೀಸಾ

ನೌಕರಿ ಕಾಂಟ್ರಾಕ್ಟ್ ಇದ್ದರೆ ಎರಡು ಆಯ್ಕೆ: ಇಯು ಬ್ಲೂ ಕಾರ್ಡ್ (ಉನ್ನತ ಓದಿನ ಹೊರದೇಶದವರಿಗೆ ಕೊಡುವ ಕೆಲಸ ಮತ್ತು ವಾಸದ ಪರವಾನಗಿ), ಅಥವಾ ಸಂಶೋಧಕರ ವೀಸಾ. ಬ್ಲೂ ಕಾರ್ಡ್‌ಗೆ ಕನಿಷ್ಠ ಆರು ತಿಂಗಳ ಕಾಂಟ್ರಾಕ್ಟ್ ಬೇಕು, ಸಂಬಳದ ಮಿತಿಯೂ ಇದೆ. ನೈಸರ್ಗಿಕ ವಿಜ್ಞಾನದವರು ಕೊರತೆ ಇರುವ ವೃತ್ತಿಗಳ ಪಟ್ಟಿಯಲ್ಲಿ ಬರುವುದರಿಂದ ಅವರಿಗೆ ಮಿತಿ ಕಡಿಮೆ, 2026ಕ್ಕೆ ವರ್ಷಕ್ಕೆ ಸುಮಾರು 45,900 ಯೂರೋ. ಪೂರ್ಣಾವಧಿ ಇ13 ಇದನ್ನು ಸಲೀಸಾಗಿ ದಾಟುತ್ತದೆ. ಅರ್ಧಾವಧಿ ದಾಟುವುದಿಲ್ಲ. ಬ್ಲೂ ಕಾರ್ಡ್‌ನಲ್ಲಿ 27 ತಿಂಗಳು ಕೆಲಸ ಮಾಡಿ ಪೆನ್ಷನ್ ಕಟ್ಟಿದರೆ ಖಾಯಂ ವಾಸದ ಪರವಾನಗಿ ಕೇಳಬಹುದು. ಜರ್ಮನ್ ಭಾಷೆಯ ಬಿ1 (ಮಧ್ಯಮ ಮಟ್ಟ) ಪಾಸಾಗಿದ್ದರೆ 21 ತಿಂಗಳಿಗೇ. ಸ್ಟೈಪೆಂಡ್ ಮೇಲೆ ಬಂದವರಿಗೆ ಬ್ಲೂ ಕಾರ್ಡ್ ಇಲ್ಲ, ಅವರಿಗೆ ಸಂಸ್ಥೆಯ ಜೊತೆ ಮಾಡಿಕೊಂಡ ಆತಿಥ್ಯ ಒಪ್ಪಂದದ ಮೇಲೆ ಸಂಶೋಧಕರ ವೀಸಾ. ಹಣ ಯಾರದು ಅನ್ನುವ ಪ್ರಶ್ನೆ ಇಲ್ಲೂ ಬಂತು ನೋಡಿ.

ಎರಡೂ ಬಗೆಯಲ್ಲಿ ಸಂಗಾತಿಗೆ ಕೆಲಸ ಮಾಡುವ ಹಕ್ಕು ಇರುತ್ತದೆ, ಜರ್ಮನ್ ಪರೀಕ್ಷೆಯ ಷರತ್ತೂ ಇಲ್ಲ. ಮದುವೆ ನೋಂದಣಿ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯದ್ದೇ ಬೇಕು. ಛತ್ರದ ರಸೀದಿ, ಲಗ್ನಪತ್ರಿಕೆ ನಡೆಯುವುದಿಲ್ಲ. ಪಾಸ್‌ಪೋರ್ಟ್, ಅಂಕಪಟ್ಟಿ, ಪಿಎಚ್‌ಡಿ ಸರ್ಟಿಫಿಕೇಟ್‌ಗಳಲ್ಲಿ ಇನಿಷಿಯಲ್ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಊರಿನ ಹೆಸರು ಬಿಡಿಸಿ ಬರೆದದ್ದು, ಹೀಗಿದ್ದರೆ ಈಗಲೇ ಸರಿಮಾಡಿಸಿ. ಕನ್ನಡಿಗರ ಹೆಸರು ಜರ್ಮನ್ ಫಾರಂನ ಎರಡು ಕಾಲಂಗಳಿಗೆ ಸುಲಭವಾಗಿ ಹೊಂದುವುದಿಲ್ಲ, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ಬ್ಯಾಂಕ್‌ನಿಂದ ಹಿಡಿದು ಎಲ್ಲ ಕಡೆ ವಿವರಣೆ ಕೊಡುತ್ತಾ ಇರಬೇಕಾಗುತ್ತದೆ.

ನಿಮ್ಮ ಎಂಎಸ್ಸಿ ಮಾಡಿದ ಯೂನಿವರ್ಸಿಟಿ ಅನಾಬಿನ್ ಅನ್ನುವ ಜರ್ಮನ್ ಡೇಟಾಬೇಸ್‌ನಲ್ಲಿ ಎಚ್ ಪ್ಲಸ್ (ಮಾನ್ಯತೆ ಇದೆ ಅಂತ ಅರ್ಥ) ಅಂತ ಇದೆಯಾ ನೋಡಿ, ಆ ಪುಟದ ಪ್ರಿಂಟ್ ತೆಗೆದಿಡಿ. ಬೆಂಗಳೂರಿನಲ್ಲಿ ಜರ್ಮನ್ ಕಾನ್ಸುಲೇಟ್ ಇರುವುದರಿಂದ ಚೆನ್ನೈ, ಮುಂಬೈ ಅಂತ ಓಡಬೇಕಾಗಿಲ್ಲ. ವೀಸಾ ಶುಲ್ಕ 75 ಯೂರೋ. ತುರ್ತು ಇದ್ದರೆ ಉದ್ಯೋಗದಾತರು ಜರ್ಮನಿಯಲ್ಲೇ 411 ಯೂರೋ ಕಟ್ಟಿ ತ್ವರಿತ ಪ್ರಕ್ರಿಯೆ ಶುರು ಮಾಡಿಸಬಹುದು. ಕೇಳಿ ನೋಡಿ, ಬಹಳ ಕಡೆ ಮಾಡುತ್ತಾರೆ.

ಕಾಯುವ ಈ ತಿಂಗಳುಗಳಲ್ಲಿ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಆನ್‌ಲೈನ್‌ನಲ್ಲೋ ಜರ್ಮನ್ ಭಾಷೆಯ ಮೊದಲ ಮಟ್ಟ ಎ1 ಮುಗಿಸಿಕೊಳ್ಳಿ. ಲ್ಯಾಬ್‌ನಲ್ಲಿ ಬೇಕಾಗುವುದಿಲ್ಲ. ವರ್ಕ್‌ಶಾಪ್‌ನಲ್ಲಿ ನಿಮ್ಮ ಉಪಕರಣದ ಬಿಡಿಭಾಗ ಮಾಡಿಕೊಡುವ ಹಿರಿಯ ತಂತ್ರಜ್ಞರ ಹತ್ತಿರ ಬೇಕಾಗುತ್ತದೆ. ಅವರ ಜೊತೆ ಎರಡು ಮಾತು ಜರ್ಮನ್‌ನಲ್ಲಿ ಆಡಿದವರ ಕೆಲಸ ಬೇಗ ಆಗುತ್ತದೆ.

ಹಂತ 10: ಬಂದಿಳಿದ ಮೊದಲ ವಾರಗಳು

ಮೊದಲು ವಿಳಾಸ ನೋಂದಣಿ, ಆನ್‌ಮೆಲ್ಡುಂಗ್. ಮನೆ ಸೇರಿದ ಎರಡು ವಾರದ ಒಳಗೆ, ಮನೆ ಮಾಲೀಕರ ಸಹಿ ಇರುವ ಫಾರಂ ಜೊತೆ. ಅದಿಲ್ಲದೆ ತೆರಿಗೆ ನಂಬರ್ ಇಲ್ಲ, ತೆರಿಗೆ ನಂಬರ್ ಇಲ್ಲದಿದ್ದರೆ ಮೊದಲ ಸಂಬಳದಲ್ಲಿ ತೆರಿಗೆ ವಿಪರೀತ ಕತ್ತರಿಸುತ್ತಾರೆ. ಆಮೇಲೆ ವಾಪಸ್ ಬರುತ್ತದೆ ಅನ್ನಿ. ನೋಂದಣಿ ಫಾರಂನಲ್ಲಿ ಧರ್ಮದ ಕಾಲಂ ಇರುತ್ತದೆ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಅಂತ ಬರೆದರೆ ಆದಾಯ ತೆರಿಗೆಯ ಮೇಲೆ ಶೇ 8 ಅಥವಾ 9 ಚರ್ಚ್ ತೆರಿಗೆ ಬೀಳುತ್ತದೆ. ಮಂಗಳೂರು ಕಡೆಯ ಸ್ನೇಹಿತರಿಗೆ ಇದು ಗೊತ್ತಿದ್ದೇ ನಿರ್ಧಾರ ಮಾಡಲಿ ಅಂತ ಹೇಳಿದೆ.

ಮನೆಗೆ ಅಡ್ವಾನ್ಸ್ ಹೆಚ್ಚೆಂದರೆ ಮೂರು ತಿಂಗಳ ಬಾಡಿಗೆ, ಬೆಂಗಳೂರಿನ ಹತ್ತು ತಿಂಗಳಿನ ಹಾಗಲ್ಲ. ಮನೆ ಕಾಣದೆ ಹಣ ಕಳಿಸಬೇಡಿ, ಮೋಸ ಬಹಳ ಇದೆ. ಮೊದಲ ಮೂರು ತಿಂಗಳಿಗೆ ಸಂಸ್ಥೆಯ ಅತಿಥಿಗೃಹ ಸಿಗುತ್ತದಾ ಕೇಳಿ. ಮ್ಯೂನಿಕ್‌ನ ಸಿರಿಗನ್ನಡಕೂಟ, ಫ್ರಾಂಕ್‌ಫರ್ಟ್ ಕಡೆಯ ರೈನ್-ಮೈನ್ ಕನ್ನಡ ಸಂಘಗಳಿಗೆ ಬರೆದರೆ ಮನೆಯ ಸುಳಿವು ಸಿಗಬಹುದು, ಯುಗಾದಿ ಊಟವಂತೂ ಸಿಗುತ್ತದೆ.

ಹಂತ 11: ಆರು ವರ್ಷದ ಗಡಿಯಾರ

ಜರ್ಮನಿಯಲ್ಲಿ 2007ರಿಂದ ಒಂದು ಕಾನೂನು ಇದೆ. ಪಿಎಚ್‌ಡಿ ಆದ ಮೇಲೆ ಸೀಮಿತ ಕಾಲದ ಕಾಂಟ್ರಾಕ್ಟ್‌ಗಳಲ್ಲಿ ಒಟ್ಟು ಆರು ವರ್ಷ ಮಾತ್ರ ಇಟ್ಟುಕೊಳ್ಳಬಹುದು, ವೈದ್ಯಕೀಯದಲ್ಲಿ ಒಂಬತ್ತು. ಪ್ರತಿ ಮಗುವಿಗೆ ಎರಡು ವರ್ಷ ಹೆಚ್ಚು ಸಿಗಬಹುದು. ಆಮೇಲೆ ಖಾಯಂ ಮಾಡಬೇಕು, ಇಲ್ಲವೇ ಹೊರಗೆ. ಖಾಯಂ ಹುದ್ದೆ ತೀರಾ ಕಡಿಮೆ ಇರುವುದರಿಂದ ಹೆಚ್ಚಿನವರಿಗೆ ಎರಡನೆಯದೇ. 2021ರಲ್ಲಿ ಈ ಕಾನೂನಿನ ವಿರುದ್ಧ ಜರ್ಮನ್ ಸಂಶೋಧಕರು 'ನಾನು ಹನ್ನಾ' (ಸರ್ಕಾರದ ವಿಡಿಯೋ ಒಂದರಲ್ಲಿ ಬರುವ ಸಂಶೋಧಕಿಯ ಹೆಸರು) ಅನ್ನುವ ಹ್ಯಾಶ್‌ಟ್ಯಾಗ್‌ನಲ್ಲಿ ದೊಡ್ಡ ಗಲಾಟೆಯನ್ನೇ ಎಬ್ಬಿಸಿದರು. ಹೊರಗಿನ ಪ್ರಾಜೆಕ್ಟ್ ಹಣದ ಮೇಲೆ ಮಾಡಿದ ಕಾಂಟ್ರಾಕ್ಟ್‌ಗೆ ಕಾನೂನಿನ ಬೇರೆ ಕಲಂ ಇದೆ, ಅದರಲ್ಲಿ ಆರು ವರ್ಷ ದಾಟಿಯೂ ಮುಂದುವರಿಸಬಹುದು. ಹಾಗಾಗಿ ನಿಮ್ಮ ಕಾಂಟ್ರಾಕ್ಟ್‌ನಲ್ಲಿ ಯಾವ ಕಲಂ ಬರೆದಿದ್ದಾರೆ ನೋಡಿಟ್ಟುಕೊಳ್ಳಿ.

ಅಲ್ಲೇ ಉಳಿದು ಸ್ವಂತ ಗ್ರೂಪ್ ಕಟ್ಟುವ ಆಸೆ ಇದ್ದರೆ ಡಿಎಫ್‌ಜಿಯ ಎಮಿ ನೋಥರ್ ಯೋಜನೆ ಇದೆ, ಆರು ವರ್ಷದ ಹಣ. ಪಿಎಚ್‌ಡಿ ಆಗಿ ಸಾಮಾನ್ಯವಾಗಿ ನಾಲ್ಕು ವರ್ಷದ ಒಳಗೆ ಹಾಕಬೇಕು, ಅಂದರೆ ಮೊದಲ ಪೋಸ್ಟ್‌ಡಾಕ್‌ನ ಎರಡನೇ ವರ್ಷದಲ್ಲೇ ಬರೆಯಲು ಕೂರಬೇಕು. ಭಾರತಕ್ಕೆ ಮರಳುವ ಯೋಚನೆ ಇದ್ದರೆ, ಮ್ಯಾಕ್ಸ್ ಪ್ಲಾಂಕ್‌ನಲ್ಲಿ ಪೋಸ್ಟ್‌ಡಾಕ್ ಮಾಡಿದವರಿಗೆ ಪಾರ್ಟ್ನರ್ ಗ್ರೂಪ್ ಅನ್ನುವ ಒಳ್ಳೆಯ ಸೌಲಭ್ಯ ಇದೆ. ಭಾರತದ ಸಂಸ್ಥೆಯಲ್ಲಿ ಕೆಲಸ ಸಿಕ್ಕ ಮೇಲೆ ಹಳೆಯ ಗ್ರೂಪ್ ಜೊತೆ ಕೆಲಸ ಮುಂದುವರಿಸಲು ವರ್ಷಕ್ಕೆ 20,000 ಯೂರೋವರೆಗೆ ಕೊಡುತ್ತಾರೆ. ಹೊರಡುವ ಮುಂಚೆಯೇ ಡೈರೆಕ್ಟರ್ ಹತ್ತಿರ ಈ ಮಾತು ಆಡಿಡಿ.

ಕಾಂಟ್ರಾಕ್ಟ್ ಮುಗಿಯಲು ಮೂರು ತಿಂಗಳು ಇರುವಾಗ ಉದ್ಯೋಗ ಕಚೇರಿಯಲ್ಲಿ ಹೆಸರು ನೋಂದಾಯಿಸಲೇಬೇಕು. ಒಂದು ವರ್ಷ ವಿಮೆ ಕಟ್ಟಿದ್ದರೆ ಆರು ತಿಂಗಳು, ಎರಡು ವರ್ಷ ಕಟ್ಟಿದ್ದರೆ ಹನ್ನೆರಡು ತಿಂಗಳು ನಿರುದ್ಯೋಗ ಭತ್ಯೆ ಸಿಗುತ್ತದೆ: ಕೈಗೆ ಬರುತ್ತಿದ್ದ ಸಂಬಳದ ಶೇ 60, ಮಕ್ಕಳಿದ್ದರೆ 67. ಇದು ದಾನ ಅಲ್ಲ, ತಿಂಗಳು ತಿಂಗಳು ನೀವೇ ಕಟ್ಟಿದ ಹಣ, ಸಂಕೋಚ ಬೇಡ. ವಾಸದ ಪರವಾನಗಿಯ ದಿನಾಂಕ ಮಾತ್ರ ನೋಡಿಕೊಳ್ಳಿ. ಪೂರ್ತಿ ಭಾರತಕ್ಕೆ ಮರಳಿದವರು, ಪೆನ್ಷನ್ ಕಟ್ಟಿದ್ದು 60 ತಿಂಗಳಿಗಿಂತ ಕಡಿಮೆ ಇದ್ದರೆ, 24 ತಿಂಗಳು ಕಾದು ತಮ್ಮ ಪಾಲಿನ ಹಣ ವಾಪಸ್ ಕೇಳಬಹುದು. ಅದಕ್ಕೆ ಪೆನ್ಷನ್ ನಂಬರ್ ಬೇಕು. ಮೊದಲ ತಿಂಗಳು ಅಂಚೆಯಲ್ಲಿ ಬರುವ, ಏನೋ ಜರ್ಮನ್ ಕಾಗದ ಅಂತ ಎಲ್ಲರೂ ಮೂಲೆಗೆಸೆಯುವ ಪತ್ರದಲ್ಲಿ ಅದಿರುತ್ತದೆ. ಫೋಟೋ ತೆಗೆದು ಇಮೇಲ್‌ನಲ್ಲಿ ಹಾಕಿಟ್ಟುಕೊಳ್ಳಿ.